ಏಳು ವರ್ಷದ ಕಾರು: ಮಾರುವುದಾ, ಇಟ್ಟುಕೊಳ್ಳುವುದಾ?

ಪ್ರಶ್ನೆ (ತೀರ್ಥಹಳ್ಳಿ): ನಮ್ಮ ಸ್ವಿಫ್ಟ್‌ಗೆ ಏಳು ವರ್ಷ. ಇಂಜಿನ್ ಚೆನ್ನಾಗಿದೆ. ಬೆಲೆ ಇನ್ನೂ ಬೀಳುವ ಮೊದಲು ಮಾರೋಣ ಅಂತಾರೆ ಮನೆಯವರು. ಏನು ಮಾಡಲಿ?

ಉತ್ತರ (ಸಾಗರ): ಮಾರಬೇಡಿ. ಬೆಲೆ ಜೋರಾಗಿ ಇಳಿಯುವುದು ಮೊದಲ ವರ್ಷಗಳಲ್ಲೇ. ವಿಮೆಯ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) ಲೆಕ್ಕ ನೋಡಿ: ಆರು ತಿಂಗಳು ದಾಟಿದರೆ ಶೇ 15, ನಾಲ್ಕು ವರ್ಷ ದಾಟಿದರೆ ಶೇ 50 ಕಡಿತ. ಆ ಪೆಟ್ಟು ನೀವು ಆಗಲೇ ತಿಂದಾಗಿದೆ. ಹೊಸದು ತಗೊಂಡರೆ ಮತ್ತೆ ಮೊದಲಿನಿಂದ ಶುರು, ಮೇಲೆ ರಸ್ತೆ ತೆರಿಗೆ, ಸಾಲದ ಬಡ್ಡಿ. ನನ್ನ ಹಳೇ ಆಲ್ಟೊ ಈಗಲೂ ಅಡಿಕೆ ಮಂಡಿಗೆ ಹೋಗಿ ಬರುತ್ತದೆ.

ಉತ್ತರ (ಹೊಸನಗರ): ಸರಿ, ಆದರೆ ನಮ್ಮ ಮಳೆ ಮರೆಯಬೇಡಿ. ಆಗುಂಬೆ ಕಡೆ ಓಡಾಟ ಜಾಸ್ತಿ ಇದ್ದರೆ ಅಡಿಭಾಗ ತುಕ್ಕು ಹಿಡಿಯುತ್ತದೆ. ಮೇ ತಿಂಗಳಲ್ಲೇ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ. 15 ವರ್ಷಕ್ಕೆ ಆರ್‌ಸಿ (ನೋಂದಣಿ ಪತ್ರ) ನವೀಕರಣ ಬರುತ್ತದೆ. ತಪಾಸಣೆ ಪಾಸಾದರೆ ಇನ್ನೂ 5 ವರ್ಷ ಓಡಿಸಬಹುದು.

ಕೇಳಿದವರು: ಹಾಗಾದರೆ ಮಾರುವುದಿಲ್ಲ. ಮೊದಲು ಲಿಫ್ಟ್‌ಗೆ ಏರಿಸಿ ಕೆಳಗೆ ನೋಡಿಸುತ್ತೇನೆ.