ಅವ್ವನ ಫೋಟೋ ವಿಷ್ಯ

ಪುಟ್ಟೀ, ಈಗ ಅಂಗಡಿ ಬಾಗ್ಲು ಹಾಕ್ದೆ, ಟೈಪ್ ಮಾಡೋ ತಾಳ್ಮೆ ಇಲ್ಲ, ಮಾತಾಡೇ ಹೇಳ್ತೀನಿ. ಅಜ್ಜಿಗೆ 80 ತುಂಬಿದ ದಿನದ್ದು ನಲವತ್ತು ಫೋಟೋ ಹಾಕಿ, 'ಒಂದ್ರಾಗೂ ಅಜ್ಜಿ ಅಜ್ಜಿ ತರ ಇಲ್ಲ, ಯಾಕೆ ಚಿಕ್ಕಪ್ಪ' ಅಂತ ಕೇಳಿದೀಯಲ್ಲ. ನೋಡ್ದೆ. ಆಧಾರ್ ಕಾರ್ಡಿಗೆ ಕೂತಂಗೆ ಕೂತಾಳೆ ಅವ್ವ.

ನೀನು 'ಅಜ್ಜಿ, ನಗು' ಅಂದಿರ್ತೀಯ. ಹಂಗಂದ್ರೆ ತುಟಿ ನಗ್ತೈತೆ, ಕಣ್ಣು ನಗಲ್ಲ. ಫ್ರಾನ್ಸಿನ ಡುಷೆನ್ ಅನ್ನೋ ಡಾಕ್ಟ್ರು 1862ರಾಗೇ ಬರೆದಿಟ್ಟಾರೆ: ತುಟಿ ಎಳೆಯೋ ಸ್ನಾಯು ನಾವು ಹೇಳಿದಂಗೆ ಕೇಳ್ತೈತೆ, ಕಣ್ಣಿನ ಸುತ್ತ ಇರೋದು ಖುಷಿಯಾದ್ರೇನೇ ಕದಲೋದು ಅಂತ. ಅವ್ವಂಗೆ ನಿಜವಾಗ್ಲೂ ನಗು ಬಂದ್ರೆ ಮೊದ್ಲು ಸೆರಗು ಬಾಯಿಗೆ ಹೋಗ್ತೈತೆ, ಆಮೇಲೆ ಕಣ್ಣು ಮುಚ್ಚೇ ಬಿಡ್ತಾವೆ. ಅದು ಕೇಳಿದ್ರೆ ಬರಲ್ಲ.

ಕೈಗೆ ಕೆಲ್ಸ ಕೊಡು. ಅಡುಗೆಮನೆ ಕಿಟಕಿ ಹತ್ರ ಕೂತು ಮಂಡಕ್ಕಿಗೆ ಈರುಳ್ಳಿ ಹೆಚ್ಚಲಿ, ನೀನು ಅಜ್ಜನ ಸುದ್ದಿ ತೆಗಿ. (ಕಣ್ಣೀರು ಬಂದ್ರೂ ಈರುಳ್ಳಿದೋ ಅಜ್ಜಂದೋ ಯಾರಿಗೂ ಗೊತ್ತಾಗಲ್ಲ.) ಫ್ಲ್ಯಾಶ್ ಬೇಡ. 'ಆಯ್ತು ಅಜ್ಜಿ' ಅಂತ ಫೋನ್ ಸ್ವಲ್ಪ ಇಳಿಸು, ಉಸಿರು ಬಿಟ್ಟು ಹಗುರಾಗ್ತಾಳಲ್ಲ, ಆಗ ಒತ್ತು.

ನಾನೂ ಪೆಟ್ಟು ತಿಂದೇ ಕಲ್ತಿದ್ದು. 2008ರಾಗೆ ಇಲ್ಲೇ ದಾವಣಗೆರೆಯಾಗೆ ಒಂದು ಮದುವೆ. ಹೆಣ್ಣು ಒಪ್ಪಿಸೋ ಹೊತ್ತಿಗೆ ಕರೆಂಟ್ ಹೋತು. ಆ ಅಪ್ಪ ಮಗಳ ಕೈನ ಬೀಗತಿ ಕೈಯಾಗೆ ಇಟ್ರು, ಆದ್ರೆ ತಮ್ಮ ಕೈ ಬಿಡ್ಲಿಲ್ಲ. ಹಂಗೇ ಹಿಡ್ಕಂಡು ನಿಂತ್ರು. ಕ್ಲಿಕ್ ಮಾಡ್ದೆ, ಕತ್ಲು, ಅಲುಗಿ ಬಂತು. ಜನರೇಟರ್ ಚಾಲೂ ಆದ ಮ್ಯಾಲೆ ನಾನು ಬುದ್ಧಿಗೇಡಿ, 'ಇನ್ನೊಂದ್ಸಲ ಒಪ್ಪಿಸ್ರಿ ಯಜಮಾನ್ರೇ, ಈ ಕಡೆ ನೋಡ್ರಿ' ಅಂದೆ. ಪಾಪ, ಒಪ್ಪಿಸಿದ್ರು. ಎಲ್ಲಾರೂ ಕ್ಯಾಮ್ರಾ ನೋಡ್ಕಂಡು ಅತ್ರು. ಆಲ್ಬಮ್ಮಿಗೆ ಅದೇ ಹೋತು. ಎರಡು ವರ್ಷ ಬಿಟ್ಟು ಆ ಹುಡುಗಿ ಅಂಗಡಿಗೆ ಬಂದು, 'ಮೊದ್ಲು ಕತ್ಲಾಗೆ ತೆಗೆದ್ರಲ್ಲ, ಅದು ಐತಾ ಅಣ್ಣಾ' ಅಂದ್ಲು. ರೀಲ್ ಕಾಲದಾಗೆ ಆಗಿದ್ರೆ ಒಂದು ರೀಲಿನ 36 ಫೋಟೋದಾಗೆ ಒಂದಾಗಿ ನೆಗೆಟಿವ್‌ನಾಗಾದ್ರೂ ಉಳೀತಿತ್ತು. ನಾನು ಕಾರ್ಡ್ ತುಂಬ್ತು ಅಂತ ಮಂಟಪದಾಗೇ ಅಳಿಸಿ ಹಾಕಿದ್ದೆ.

ಅದಕ್ಕೇ ಕೇಳ್ತೀನಿ, ನೀನು ಹಾಕಿದ್ದು ನಲವತ್ತು, ತೆಗೆದಿದ್ದು ಎಷ್ಟು? ಅಲುಗ್ಯಾವೆ ಅಂತ ಡಿಲೀಟ್ ಮಾಡಿರ್ತೀಯ. ಗೂಗಲ್ ಫೋಟೋಸ್‌ನಾಗೆ ಬ್ಯಾಕಪ್ ಆಗಿದ್ರೆ ಟ್ರ್ಯಾಶ್‌ನಾಗೆ 60 ದಿನ ಇರ್ತಾವೆ. ಸಣ್ಣೋನು ಕೇಕಿನ ಕ್ರೀಮಿಗೆ ಬೆರಳಿಟ್ಟಾಗ ಅವ್ವ ಬೈಯಾಕೆ ಹೋಗಿ ನಕ್ಕುಬಿಟ್ಲಲ್ಲ, ಅವಾಗ ನೀನು ಫೋನ್ ಹಿಡ್ಕಂಡಿದ್ದೆ, ನಾನು ನೋಡೀನಿ. ಮೊದ್ಲು ಅದನ್ನ ಹುಡುಕಿ ಗ್ರೂಪಿಗೆ ಹಾಕು.