ಬಂಕ್ ಕಂಬದ ವಿಷ್ಯ, ಸ್ವಲ್ಪ ಉದ್ದ ಇದೆ ಪೂರ್ತಿ ಕೇಳು

ತಮ್ಮಾ, ನಿನ್ ಗಾಡಿ ಒಳಗೆ ಮಲಗೋಕೆ ಹಾಕ್ತಿರೋ ಮೇಲಿನ ಬಂಕಿಗೆ, ಅಂದ್ರೆ ಹಲಗೆ ಮಂಚಕ್ಕೆ, ಮುಂದಗಡೆ ಆಧಾರದ ಕಂಬ ಅಂತ 25 ಎಂಎಂ ಅಲ್ಯೂಮಿನಿಯಂ ಪೈಪ್ ಎರಡು ಕೊಟ್ರೆ ಸಾಕಾ ಅಂತ ಕೇಳಿದ್ಯಲ್ಲ, ಪೈಪ್ ಏನೋ ತಡೀಬಹುದು ಕಣೋ, ಆದ್ರೆ ನಂಗೆ ಭಯ ಇರೋದು ಅದರ ತಲೆ ಮತ್ತೆ ಬುಡದ್ದು.

ನಮ್ ಗಾಡೀಲಿ ಆಗಿದ್ದೂ ಅದೇ. ಕಂಬ ನೆಟ್ಟಗೇ ಇತ್ತು, ಬುಡದಲ್ಲಿ ಮಾತ್ರ ದಿನಾ ಒಂಚೂರು ಮರದ ಪುಡಿ ಬೀಳ್ತಿತ್ತು, ಗುಡಿಸಿ ಸುಮ್ನಾಗ್ತಿದ್ದೆ, ಒಂದಿನ ಕೈಯಲ್ಲಿ ಅಲ್ಲಾಡಿಸಿದ್ರೆ ಪ್ಲೈವುಡ್ಡಲ್ಲಿ ಸ್ಕ್ರೂ ತೂತು ಉದ್ದುದ್ದ ಆಗಿ ಸ್ಕ್ರೂ ಕೈಗೇ ಬಂತು! ರೋಡಲ್ಲಿ ಗಾಡಿ ಕುಲುಕಿ ಕುಲುಕಿ ತೆಳು ಹಲಗೇಲಿ ಸ್ಕ್ರೂ ನಿಲ್ಲಲ್ಲ ಕಣೋ. ಹಲಗೆ ತೂರಿ ಆ ಕಡೆಗೆ ಬರೋ ಬೋಲ್ಟ್ ಹಾಕು, ಹಲಗೆ ಆ ಕಡೆ ಅಂಗೈ ಅಗಲದ ಲೋಹದ ಪ್ಲೇಟ್ ಕೊಡು, ನೈಲಾನ್ ಇರೋ ಲಾಕ್ ನಟ್ ಹಾಕು. ತೂತು ಕೊರೆಯೋ ಮುಂಚೆ ಕೆಳಗೆ ಬಗ್ಗಿ ವೈರು ಪೈಪು ಏನಾದ್ರೂ ಹೋಗಿದ್ಯಾ ನೋಡ್ಕೋ.

ಇನ್ನು ಪೈಪ್. ಅಲ್ಯೂಮಿನಿಯಂ ತೂಕ ಸ್ಟೀಲಿನ ಮೂರನೇ ಒಂದು ಭಾಗ ಸರಿ, ಆದ್ರೆ ಬಾಗದೆ ನಿಲ್ಲೋ ಗಟ್ಟಿತನಾನೂ ಅದೇ ಲೆಕ್ಕದಲ್ಲಿ ಕಮ್ಮಿ. ಅಲ್ಯೂಮಿನಿಯಮ್ಮೇ ಬೇಕು ಅಂದ್ರೆ ಪೈಪಿನ ಗೋಡೆ 2 ಎಂಎಂ ದಪ್ಪದ್ದೇ ಇರ್ಲಿ, ಹೊರ ಅಗಲ 25ರ ಬದ್ಲು 32 ಎಂಎಂ ತಗೋ, ತೂಕ ಜಾಸ್ತಿ ಆಗೋದು ನೂರಕ್ಕೆ ಮೂವತ್ತು, ಬಾಗದೆ ನಿಲ್ಲೋದು ಮಾತ್ರ ಎರಡರಷ್ಟಕ್ಕಿಂತ ಜಾಸ್ತಿ. ಎತ್ತರಾನೂ ನೋಡ್ಕೋ, ಕಂಬ ಎರಡರಷ್ಟು ಉದ್ದ ಆದ್ರೆ ಅದು ಬಾಗೋಕೆ ನಾಲ್ಕನೇ ಒಂದು ಭಾಗ ಭಾರ ಸಾಕು.

ಭಾರ ಅಂದ್ರೆ ಮಲಗಿದವರ ತೂಕ ಮಾತ್ರ ಅಂದ್ಕೋಬೇಡ. ಹತ್ತೋವಾಗ ಅಂಚು ಹಿಡ್ದು ಜೋತು ಬೀಳ್ತಾರೆ, ಮಕ್ಕಳಂತೂ ಎಗರ್ತವೆ, ಆಗ ಪೂರ್ತಿ ಭಾರ ಒಂದೇ ಕಂಬದ ಮೇಲೆ. ಹಾಸಿಗೆ ಸೇರಿ 100 ಕೆಜಿ ಅಂದ್ರೆ ಒಂದೊಂದು ಕಂಬಾನೂ ಒಂಟಿಯಾಗಿ 200 ತಡೀಲಿ ಅಂತ ಇಟ್ಕೋ.

ಚಿಕ್ಕಪ್ಪ ಹೇಳಿದ ಸ್ಪ್ರಿಂಗ್ ರಾಡ್, ಅದೇ ಬಾತ್‌ರೂಮ್ ಪರದೆಗೆ ಹಾಕೋದು, ಚಿಕ್ಕಪ್ಪಾ ಬೇಜಾರ್ ಮಾಡ್ಕೋಬೇಡಿ, ಅದು ಖಂಡಿತ ಬೇಡ, ಬರೀ ಒತ್ತಡದಲ್ಲಿ ನಿಂತಿರುತ್ತೆ, ಗಾಡಿ ಬಾಡಿ ಒಂಚೂರು ಅಲ್ಲಾಡಿದ್ರೂ ಜಾರತ್ತೆ. ಉದ್ದ ಗಿಡ್ಡ ಮಾಡೋ ಪೈಪೇ ಬೇಕಂದ್ರೆ ತಿರುಗಿಸಿ ಬಿಗಿ ಮಾಡೋದು ಬೇಡ, ತೂತಲ್ಲಿ ಪಿನ್ ತೂರಿಸೋದು ತಗೋ.

ಆಮೇಲೆ ಅಡ್ಡ ಓಲಾಟ. ಎರಡು ಕಂಬ ನೆಟ್ಟಗೆ ನಿಲ್ಸಿಬಿಟ್ರೆ ಬ್ರೇಕ್ ಹಾಕ್ದಾಗ ಬಂಕು ಮುಂದಕ್ಕೆ ವಾಲುತ್ತೆ, ಒಂದು ಓರೆ ಪಟ್ಟಿ ಕೊಡು ಇಲ್ಲಾ ಬಂಕಿನ ಹಿಂದಿನ ಅಂಚನ್ನ ಗೋಡೆ ಫ್ರೇಮಿಗೇ ಬೋಲ್ಟ್ ಮಾಡು. ಗಾಡಿ ಓಡೋವಾಗ ಮೇಲೆ ಯಾರೂ ಮಲಗೋ ಹಾಗಿಲ್ಲ, ಮಕ್ಕಳಿಗೂ ಹೇಳ್ಬಿಡು.

ನೆಲದಿಂದ ಬಂಕಿನ ತಳಕ್ಕೆ ಎಷ್ಟು ಎತ್ತರ ಅಂತ ಅಳತೆ ಹಾಕಿ, ಕಂಬ ಕೂರೋ ಜಾಗದ ಕೆಳಗಿಂದ ಒಂದು ಫೋಟೋ ಕಳ್ಸು, ಅಲ್ಲಿ ಫ್ರೇಮ್ ಸಿಗುತ್ತಾ ನೋಡೋಣ, ಅಲ್ಲೀವರ್ಗೂ ಪೈಪ್ ಕಟ್ ಮಾಡಿಸ್ಬೇಡ.