1.6 ಲಕ್ಷ ಓಡಿದ ಪೆಟ್ರೋಲ್ ಕಾರು, ಏರಿನಲ್ಲಿ ದಮ್ಮೇ ಇಲ್ಲ. ಇಂಜಿನ್ ಇಳಿಸಲೇಬೇಕಾ?

ಕೆಂಗೇರಿ_ಸವಾರ:
ನಮಸ್ಕಾರ. 2011ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿರೋದು 1,62,000 ಕಿ.ಮೀ. ಸಿಟಿ ಟ್ರಾಫಿಕ್‌ನಲ್ಲಿ ಏನೂ ಗೊತ್ತಾಗಲ್ಲ, ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ನೈಸ್ ರೋಡ್ ಏರಿನಲ್ಲಿ ಮಾತ್ರ ಆಕ್ಸಿಲರೇಟರ್ ಪೂರ್ತಿ ತುಳಿದ್ರೂ 70 ದಾಟಲ್ಲ. 3000 ಆರ್‌ಪಿಎಂ ಆದ್ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಪ್ಲಗ್, ಏರ್ ಫಿಲ್ಟರ್ ಹೊಸದು, ಥ್ರಾಟಲ್ ಬಾಡಿ ಕ್ಲೀನ್ ಆಗಿದೆ. ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಗ್ಯಾರೇಜಿನವರು ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗಿದೆ, ಇಂಜಿನ್ ಇಳಿಸಿ ಬಿಚ್ಚಬೇಕು ಅಂತಿದ್ದಾರೆ. ಇಷ್ಟು ಹಳೇ ಗಾಡಿಗೆ ಅಷ್ಟು ದುಡ್ಡು ಸುರಿಯೋದಾ?

ಹಳೇಗಾಡಿ_ರಾಜಾಜಿನಗರ:
ಗೇಜ್ ಹಾಕಿ ನೋಡಿ ಹೇಳಿದ್ರಾ ಸರ್, ಇಲ್ಲ ಬಾಯಿಮಾತಾ? ಪಿಸ್ಟನ್ ರಿಂಗ್ ಸವೆದು ಕಂಪ್ರೆಶನ್ ಹೋದ ಇಂಜಿನ್ ಸಾಮಾನ್ಯವಾಗಿ ಎಲ್ಲ ಆರ್‌ಪಿಎಂನಲ್ಲೂ ಸೋಲುತ್ತೆ, ಬೆಳಗ್ಗೆ ಸ್ಟಾರ್ಟ್ ಆಗೋಕೂ ಸತಾಯಿಸುತ್ತೆ. ನಿಮ್ಮದು ಕೆಳಗೆ ಚೆನ್ನಾಗಿದ್ದು ಮೇಲೆ ಮಾತ್ರ ಕಟ್ಟಿಕೊಳ್ತಿದೆ. ಒಂದೋ ಪೆಟ್ರೋಲ್ ಸಾಲ್ತಿಲ್ಲ, ಇಲ್ಲ ಹೊಗೆ ಆಚೆ ಹೋಗ್ತಿಲ್ಲ. ಕ್ಲಚ್ ಜಾರಿದ್ರೆ ಆರ್‌ಪಿಎಂ ಏರುತ್ತೆ, ವೇಗ ಏರಲ್ಲ. ಇಲ್ಲಿ ಆರ್‌ಪಿಎಂ ಕೂಡ ಏರ್ತಿಲ್ಲ, ಹಾಗಾಗಿ ಅದನ್ನ ಬಿಡಿ.

ಬ್ಲೂಟೂತ್ ಸ್ಕ್ಯಾನರ್ ಹಾಕಿ. ಇಂಜಿನ್ ಆಫ್, ಇಗ್ನಿಶನ್ ಆನ್: ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) ಎಷ್ಟು ತೋರಿಸುತ್ತೆ? ಯೂಟ್ಯೂಬ್‌ನವರು 101 ಕಿಲೋಪ್ಯಾಸ್ಕಲ್ ಅಂತಾರೆ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 90–91 ಬಂದ್ರೆ ಸರಿ. ಎಷ್ಟೋ ಜನ ಇದೊಂದು ಗೊತ್ತಿಲ್ಲದೆ ಒಳ್ಳೇ ಸೆನ್ಸರ್ ಬದಲಾಯಿಸಿದ್ದಾರೆ.

ಆಮೇಲೆ ಅದೇ ಏರಿನಲ್ಲಿ ಪೂರ್ತಿ ತುಳಿದು, ಪಕ್ಕದಲ್ಲಿ ಕೂತವರಿಂದ ಮುಂದಿನ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡೋದು, ಇಂಜಿನ್‌ಗೆ ಹತ್ತಿರದ್ದು) ವೋಲ್ಟೇಜ್ ನೋಡಿಸಿ. 0.8ರ ಮೇಲೆ ನಿಂತ್ರೆ ಪೆಟ್ರೋಲ್ ಸಾಕಷ್ಟು ಬರ್ತಿದೆ. 0.1–0.2ಕ್ಕೆ ಬಿದ್ರೆ ಪಂಪ್, ಫಿಲ್ಟರ್ ಕಡೆ ಅನುಮಾನ.

ಮೂರನೇದು ವ್ಯಾಕ್ಯೂಮ್ ಗೇಜ್, ಇಂಜಿನ್ ಗಾಳಿ ಎಳೆಯೋ ಬಲ ಅಳೆಯೋದು. ಪುಸ್ತಕದಲ್ಲಿ ಐಡಲ್‌ಗೆ (ಆಕ್ಸಿಲರೇಟರ್ ತುಳಿಯದೆ ಓಡುವಾಗ) 18–21 ಇಂಚು ಅಂತಿರುತ್ತೆ, ನಮ್ಮೂರ ಎತ್ತರಕ್ಕೆ ಅದರಲ್ಲಿ ಮೂರು ಇಂಚು ಕಳೆಯಿರಿ. ನಿಂತಲ್ಲೇ 2500–3000ದಲ್ಲಿ ಹಿಡಿದಾಗ ಮುಳ್ಳು ಮೆಲ್ಲಗೆ ಇಳೀತಾ ಹೋದ್ರೆ ಎಕ್ಸಾಸ್ಟ್ (ಹೊಗೆ ಆಚೆ ಹೋಗೋ ದಾರಿ) ಕಟ್ಟಿದೆ ಅಂತಲೇ ತಿಳಿದುಕೊಳ್ಳಿ.

ಕೆಂಗೇರಿ_ಸವಾರ:
ಬೇರೆ ಗ್ಯಾರೇಜಲ್ಲಿ ನೋಡಿಸಿದೆ. ಮ್ಯಾಪ್ 90. ಪೂರ್ತಿ ತುಳಿದಾಗ ಆಕ್ಸಿಜನ್ ಸೆನ್ಸರ್ 0.85. ವ್ಯಾಕ್ಯೂಮ್ ಐಡಲ್‌ಗೆ 16, 3000ದಲ್ಲಿ ಹಿಡಿದ್ರೆ 10ಕ್ಕೆ ಇಳೀತು. ಕಂಪ್ರೆಶನ್ ನಾಲ್ಕೂ ಸಿಲಿಂಡರ್ 155ರಿಂದ 165 ಪಿಎಸ್‌ಐ ಒಳಗೇ ಇದೆ!

ಹಳೇಗಾಡಿ_ರಾಜಾಜಿನಗರ:
ಕಂಪ್ರೆಶನ್, ಪೆಟ್ರೋಲ್ ಎರಡೂ ಸರಿಯಿದೆ, ಎಕ್ಸಾಸ್ಟೇ ಕಟ್ಟಿದೆ. ಹಾಗಾದ್ರೆ ಇಂಜಿನ್ ಇಳಿಸೋ ಮಾತು ಅಲ್ಲಿಗೇ ಬಿಡಿ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿ. ಪೂರ್ತಿ ತಣ್ಣಗಿರುವಾಗ ಬಲವಂತ ಬೇಡ, ಸ್ವಲ್ಪ ಬೆಚ್ಚಗಿರುವಾಗ ಕೈ ಸುಡದ ಹಾಗೆ ಬಿಚ್ಚಿಸಿ; ತ್ರೆಡ್ ಕಿತ್ತುಕೊಂಡು ಬಂದ್ರೆ ಇನ್ನೊಂದು ತಲೆನೋವು. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಬಾರದು. ದಾಟಿದ್ರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಮ್ಮಿ ಮಾಡೋ ಜಾಲರಿ ಡಬ್ಬ) ಹಿಂದಿನ ಜಾಯಿಂಟ್ ಸಡಿಲಿಸಿ ಮತ್ತೆ ನೋಡಿ: ಆಗಲೂ ಪ್ರೆಶರ್ ಇಳೀದಿದ್ರೆ ಕನ್ವರ್ಟರ್, ಇಳಿದ್ರೆ ಸೈಲೆನ್ಸರ್.

ಲೈಟ್ ಬರದಿರೋದು ವಿಚಿತ್ರ ಏನಲ್ಲ. 2013ರ ಏಪ್ರಿಲ್‌ಗೆ ಮುಂಚಿನ ಕಾರುಗಳಲ್ಲಿ ಕನ್ವರ್ಟರ್ ಮೇಲೆ ನಿಗಾ ಕಡ್ಡಾಯ ಇರಲಿಲ್ಲ.

ಜೆಸಿರೋಡ್_ಗಿರಾಕಿ:
ಒಂದು ಮಾತು ಸೇರಿಸ್ತೀನಿ. ಕನ್ವರ್ಟರ್ ಒಳಗಿನ ಜಾಲರಿ ಒಡೆದು ಖಾಲಿ ಡಬ್ಬ ಹಾಕಿಕೊಡ್ತೀವಿ ಅನ್ನೋರು ಸಿಗ್ತಾರೆ. ಪಿಕಪ್ ಬರುತ್ತೆ ನಿಜ. ಆದರೆ ನಿಮ್ಮ ಗಾಡಿಗೆ ಹದಿನೈದು ವರ್ಷ ತುಂಬೋ ಕಾಲ, ಆರ್‌ಸಿ ನವೀಕರಣಕ್ಕೆ ಹೋದಾಗ ಎಮಿಷನ್‌ನಲ್ಲಿ ಸಿಕ್ಕಿಬೀಳ್ತೀರಿ. ಬೆಂಗಳೂರಿನ ಬಿಡಿಭಾಗಗಳ ಬೀದಿ ಜೆ.ಸಿ. ರಸ್ತೆಯಲ್ಲಿ ಸಿಗೋ ತೀರಾ ಅಗ್ಗದ ಕನ್ವರ್ಟರೂ ನನಗೆ ಹಿಡಿಸಲ್ಲ. ಇನ್ನೊಂದು, ಕನ್ವರ್ಟರ್ ತಾನಾಗಿ ಕಟ್ಟಿಕೊಳ್ಳೋದು ಕಮ್ಮಿ. ಆಯಿಲ್ ಕುಡೀತಿದ್ಯಾ? ಪ್ಲಗ್‌ಗೆ ಕಿಡಿ ಕೊಡೋ ಕಾಯಿಲ್ ಯಾವಾಗಾದ್ರೂ ಕೈಕೊಟ್ಟಿತ್ತಾ?

ಕೆಂಗೇರಿ_ಸವಾರ:
7 ಪಿಎಸ್‌ಐ ಬಂತು, ಜಾಯಿಂಟ್ ಸಡಿಲಿಸಿದ್ರೂ ಹಾಗೇ ಇದೆ. ಆಯಿಲ್ ಇಳಿಯಲ್ಲ. ಆದರೆ ಹೋದ ಮಳೆಗಾಲದಲ್ಲಿ ಒಂದು ಕಾಯಿಲ್ ಹೋಗಿ ಮೂರೇ ಸಿಲಿಂಡರ್‌ನಲ್ಲಿ ಬಹಳ ದಿನ ಓಡಿತ್ತು.

ಜೆಸಿರೋಡ್_ಗಿರಾಕಿ:
ಅದೇ ಕಾರಣ ಇರಬೇಕು. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿದಿದೆ, ಜಾಲರಿ ಕರಗಿರುತ್ತೆ. ಹೊಸದು ಹಾಕೋ ಮುಂಚೆ ಉಳಿದ ಮೂರು ಕಾಯಿಲ್ ಕೂಡ ಚೆಕ್ ಮಾಡಿಸಿ.